ಧಾಟಿ ಹಿಡಿಯುವ ಹುಚ್ಚು

ಪದ ಬರೆದುಕೊಳ್ಳುವವರು ನಮ್ಮ ಕೆಂಭಾವಿ ಕಡೆ ಮೊದಲಿನಿಂದಲೂ ಇದ್ದಾರೆ. ಭಜನಿ ಮೇಳದ ಹಿರಿಯರ ಮನೆಯಲ್ಲಿ, ಕೈ ತಾಗಿ ತಾಗಿ ಮೆತ್ತಗಾದ ಒಂದು ವಹಿ ಇದ್ದೇ ಇರುತ್ತದೆ. ಪಲ್ಲ, ನುಡಿ, ಕೊನೆಗೆ ಅಂಕಿತ, ಎಲ್ಲ ಅದರಲ್ಲಿ ಅಚ್ಚುಕಟ್ಟು. ಪದದ ನೆತ್ತಿಯ ಮೇಲೆ ಮಾತ್ರ ಒಂದು ಸಣ್ಣ ಸಾಲು: ಇದು ಇಂಥ ಪದದ ಧಾಟಿ. ಆ ಇಂಥ ಪದವನ್ನು ಹುಡುಕಿಕೊಂಡು ಪುಟ ತಿರುವಿದರೆ ಅದರ ನೆತ್ತಿಯ ಮೇಲೆ ಇನ್ನೊಂದು ಪದದ ಹೆಸರು. ಅದನ್ನು ಹುಡುಕಿದರೆ ಮತ್ತೊಂದು. ಕೊನೆಗೆ ವಹಿ ಮುಗಿಯುತ್ತದೆ, ಧಾಟಿ ಸಿಗುವುದಿಲ್ಲ. ನನಗೆ ಹಿಡಿದಿರುವುದು ಈ ನೆತ್ತಿಯ ಸಾಲಿನ ಹುಚ್ಚು.

ಇದಕ್ಕೆ ಬೇಕಾದ ಸಾಮಾನು ಬಹಳ ಇಲ್ಲ. ಒಂದು ಮೊಬೈಲು, ಒಂದು ಹಳೆಯ ಪೇಟಿ, ಒಂದು ನೋಟುಬುಕ್ಕು. ಸ್ವರ ಬರೆಯಲು ಭಾತಖಂಡೆಯವರ ಪದ್ಧತಿ ಸಾಕು: ಕೋಮಲಕ್ಕೆ ಅಡಿಗೆರೆ, ತೀವ್ರ ಮಧ್ಯಮಕ್ಕೆ ಮೇಲೊಂದು ನೆಟ್ಟನೆ ಗೀಟು, ತಾರಸ್ಥಾಯಿಗೆ ನೆತ್ತಿಯ ಚುಕ್ಕಿ. ಉಳಿದದ್ದು ಕಿವಿ ಮತ್ತು ರಾತ್ರಿ ನಿದ್ದೆಗೆಡುವ ಶಕ್ತಿ. ಮನೆಯವರ ತಾಳ್ಮೆಯನ್ನೂ ಸಾಮಾನಿನ ಲೆಕ್ಕಕ್ಕೇ ಸೇರಿಸಬೇಕು.

ಈ ಕೆಲಸದಲ್ಲಿ ನನಗೊಬ್ಬ ಹಳೆಯ ನೆರೆಯವನಿದ್ದಾನೆ. ಸುರಪುರದಲ್ಲಿ 1841ರಿಂದ ಹತ್ತು ವರ್ಷಕ್ಕೂ ಮಿಗಿಲಾಗಿ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್. ಎಳೆಯ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನೆಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಅವನ ಬಂಗಲೆ ಗೊತ್ತು, ಆತ್ಮಕಥೆ ಗೊತ್ತು. ಆದರೆ ಊರಿಗೆ ಮರಳಿದ ಮೇಲೆ ಅವನು ಭಾರತದ ವಾದ್ಯಗಳ ಬಗ್ಗೆ ಬರೆದದ್ದನ್ನು ನೆನೆಯುವವರು ವಿರಳ. ಕರ್ನಲ್ ಫ್ರೆಂಚ್ ಎಂಬಾತ ಡಬ್ಲಿನ್ನಿನ ರಾಯಲ್ ಐರಿಶ್ ಅಕಾಡೆಮಿಗೆ ನಮ್ಮ ದೇಶದ ವಾದ್ಯಗಳನ್ನು ಕೊಟ್ಟಾಗ, 1860ರ ದಶಕದಲ್ಲಿ, ಅವುಗಳ ವಿವರಣೆಯ ಪಟ್ಟಿ ಬರೆದವನು ಟೇಲರ್. ಮುಂದೆ ಕಲ್ಕತ್ತೆಯ ಸೌರೀಂದ್ರಮೋಹನ ಟಾಗೋರರು ಹಿಂದೂ ಸಂಗೀತದ ಬಗ್ಗೆ ಬೇರೆ ಬೇರೆಯವರು ಬರೆದದ್ದನ್ನು ಒಟ್ಟುಗೂಡಿಸಿದಾಗ ಈ ಬರಹವನ್ನೂ ಅದರಲ್ಲಿ ಸೇರಿಸಿದರು. ಸುರಪುರದ ಜಾತ್ರೆ, ಮೆರವಣಿಗೆಗಳ ಸದ್ದು ಕೇಳಿದ ಕಿವಿ ಡಬ್ಲಿನ್ನಿನ ಕಪಾಟಿನ ಮುಂದೆ ನಿಂತು ಏನನ್ನು ನೆನೆಸಿಕೊಂಡಿತೋ! ಅವನಿಗೆ ಸಿಕ್ಕದ್ದು ಮರ, ತೊಗಲು, ಹಿತ್ತಾಳೆ. ನಾದ ಇಲ್ಲೇ ಉಳಿಯಿತು.

ಪದಗಳ ಗತಿಯೂ ಹೆಚ್ಚುಕಡಿಮೆ ಅಷ್ಟೇ. ಫ್ಲೀಟ್ ಸಾಹೇಬ 1880ರ ದಶಕದಲ್ಲಿ ಸಂಗೊಳ್ಳಿ ರಾಯಣ್ಣ, ಹಲಗಲಿ ಬೇಡರ ಲಾವಣಿಗಳನ್ನು ಪ್ರಕಟಿಸಿದ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದರು. ಆ ಮೇಲೆ ಗದ್ದಗಿಮಠರು ಜನಪದ ಗೀತೆಗಳ ಮೇಲೆ ಪಿಎಚ್‌ಡಿ ಮಾಡಿ ದಾರಿ ಹಾಕಿದರು. ಇವರೆಲ್ಲ ನಡೆದದ್ದು ಮುಂಬಯಿ ಇಲಾಖೆಯ ನೆಲದಲ್ಲಿ. ನಾವಿದ್ದದ್ದು ನಿಜಾಮನ ಸೀಮೆಯಲ್ಲಿ. ಹಲಸಂಗಿಯವರು ಬೀಸುಕಲ್ಲಿನ ಪಕ್ಕ ಕೂತು ಬರೆದುಕೊಳ್ಳುತ್ತಿದ್ದಾಗ ಗಡಿಯ ಈಚೆಗೂ ಅದೇ ಕಲ್ಲು, ಅದೇ ಜೋಳ, ಅದೇ ಪದ; ಕೂತು ಬರೆದುಕೊಳ್ಳುವವರಷ್ಟೇ ಇರಲಿಲ್ಲ. ಅವರ ಋಣ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ಹಾಡನ್ನು ಸಾಹಿತ್ಯವಿಭಾಗಕ್ಕೆ ಒಪ್ಪಿಸಿಬಿಟ್ಟ ಮೇಲೆ ನಮ್ಮ ಜಾನಪದ ಅಧ್ಯಯನ ಬಹುಕಾಲ ಕಿವುಡಾಗಿಯೇ ನಡೆಯಿತೆಂದು ನನ್ನ ದೂರು. ತ್ರಿಪದಿಯ ಗಣ ಎಣಿಸಲು ಹೇಳಿಕೊಟ್ಟರು: ಒಟ್ಟು ಹನ್ನೊಂದು, ಆರನೆಯದೂ ಹತ್ತನೆಯದೂ ಬ್ರಹ್ಮಗಣ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ, ಅಂದರೆ ಸುಮಾರು ಕ್ರಿ.ಶ. 700ರಲ್ಲೇ, ಈ ಛಂದಸ್ಸು ಕಲ್ಲಿಗೇರಿದೆ ಎಂದೂ ಹೇಳಿದರು. ಆದರೆ ಹೆಂಗಸರು ಅದನ್ನು ಮೂರೇ ಸಾಲಾಗಿ ಹಾಡುವುದಿಲ್ಲವಲ್ಲ! ಎರಡನೆಯ ಸಾಲಿನಲ್ಲಿ ಒಂದು ತುಣುಕನ್ನು ಮತ್ತೆ ಎತ್ತಿಕೊಂಡು ನಾಲ್ಕು ಮಾಡುತ್ತಾರೆ. ಎತ್ತಿಕೊಳ್ಳುವಾಗ ಸ್ವರ ಎಲ್ಲಿಗೆ ಹೋಯಿತು ಎಂಬಲ್ಲಿಯೇ ರುಚಿ ಇರುವುದು.

ನಮ್ಮೂರ ಓಣಿಯ ಒಬ್ಬ ಮುದುಕಿಯನ್ನು ಕೂಡಿಸಿ ಬೀಸುವ ಪದ ಹಾಡಿಸಿದಾಗ ಮೊದಲೆರಡು ನುಡಿ ನೀರಸವಾಗಿ ಬಂದವು. ‘ಯವ್ವಾ, ಇನ್ನೊಮ್ಮೆ ಹಾಡ್ರಿ’ ಅಂದೆ.

‘ಕಲ್ಲಿಲ್ದ ಹ್ಯಾಂಗ ಹಾಡ್ಲಿ ಮಾಸ್ತರ? ಕೈ ತಿರುಗ್ಲಾರ್ದ ಬಾಯಿ ತಿರುಗಂಗಿಲ್ಲ’ ಎಂದಳು.

ಮೂಲೆಯಲ್ಲಿದ್ದ ಕಲ್ಲನ್ನು ಎಳೆತಂದು, ಕಾಳು ಹಾಕದೆಯೇ ಅವಳ ಮುಂದಿಟ್ಟೆವು. ಗೂಟಕ್ಕೆ ಕೈ ಹೋದದ್ದೇ ತಡ, ಹಾಡು ಬೇರೆಯಾಯಿತು. ಕೂತು ಹಾಡುವಾಗ ಒಂದೇ ಉಸಿರಿನಲ್ಲಿ ನಿಲ್ಲುತ್ತಿದ್ದ ಉದ್ದನೆಯ ಸ್ವರ, ಈಗ ತೋಳು ಜಗ್ಗುವಲ್ಲಿ ಸರಿಯಾಗಿ ಎರಡಾಗಿ ಮುರಿಯಿತು. ಮುರಿದ ಕಡೆ ಒಂದು ಸಣ್ಣ ಏರು. ಅದು ಪೇಟಿಯ ಯಾವ ಮನೆಯಲ್ಲೂ ಇಲ್ಲ. ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ನಡುವೆ ಎಲ್ಲೋ ಇದೆ. ಆಕಾಶವಾಣಿಯವರು 1940ರಲ್ಲಿ ಹಾರ್ಮೋನಿಯಂ ಬೇಡವೆಂದು ಹೊರಗಿಟ್ಟದ್ದು ಇದೇ ಕಾರಣಕ್ಕೆ, ಅದಕ್ಕೆ ಮೀಂಡವೂ ಬಾರದು, ಸಣ್ಣ ಶ್ರುತಿಗಳೂ ಬಾರವು ಎಂದು. 1971ರ ಹೊತ್ತಿಗೆ ಕಟ್ಟು ಸಡಿಲಾಯಿತು. ನಮ್ಮ ಭಜನಿ ಮಂದಿಗೆ ಈ ನಿಷೇಧದ ಸುದ್ದಿ ಮುಟ್ಟಿದಂತೆಯೇ ಕಾಣುವುದಿಲ್ಲ. ನಾನಂತೂ ಪೇಟಿಯ ಪಕ್ಷದವನೇ. ಅದು ತಪ್ಪಿಸಿದ್ದು ಎಲ್ಲಿ ಎಂದು ಹುಡುಕುತ್ತಲೇ ಸ್ವರ ಸಿಗುತ್ತದೆ.

ವಿಜಾಪುರದ ಚಿಸ್ತಿ ಸೂಫಿಗಳು ದಖನಿಯಲ್ಲಿ ಚಕ್ಕಿನಾಮಾ, ಚರಖಾನಾಮಾ ಕಟ್ಟಿದ್ದರೆಂದು ರಿಚರ್ಡ್ ಈಟನ್ ಬರೆದಿದ್ದಾರೆ. 1978ರ ಅವರ ಪುಸ್ತಕ ವಿಜಾಪುರದ ಸೂಫಿಗಳ ಮೇಲೆಯೇ ಇದೆ. ಬೀಸುತ್ತ, ನೂಲುತ್ತ ಹೆಂಗಸರು ಹಾಡಲೆಂದೇ ಮಾಡಿದ ಪದಗಳು ಅವು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕನ್ನಡದ ಮನೆ, ದಖನಿಯ ಮನೆ, ನಡುವೆ ಒಂದು ಗೋಡೆ. ಎರಡೂ ಕಡೆ ಬೆಳಗಿನ ಜಾವ ಕಲ್ಲು ತಿರುಗಿದರೆ ಧಾಟಿ ಗೋಡೆ ನೋಡುತ್ತಾ ಕೂರುತ್ತದೆಯೇ? ಪುಣೆಯ ಕಡೆ ಗೀ ಪ್ವಾತವೆ, ಹೇಮಾ ರಾಯಿರಕರ ಮತ್ತು ಜೊತೆಯವರು ಲಕ್ಷಕ್ಕೂ ಮೇಲ್ಪಟ್ಟು ಮರಾಠಿ ಬೀಸುವ ಪದ ಕೂಡಿಹಾಕಿದ್ದಾರೆ, ಸಾವಿರಾರನ್ನು ಧ್ವನಿಯಲ್ಲೂ ಹಿಡಿದಿದ್ದಾರೆ. ನಮ್ಮಲ್ಲಿ ಕಲ್ಲುಗಳೆಲ್ಲ ಗಿರಣಿಗೆ ಸೋತು ಹಿತ್ತಲಿಗೆ ಹೋದವು.

ಹಂತಿ ಪದದ ಕತೆ ಇನ್ನೂ ಬೇಗ ಮುಗಿಯಿತು. ಕಣದ ನಡುವೆ ಮೇಟಿ, ಸುತ್ತ ಎತ್ತು, ಹಿಂದೆ ರಾತ್ರಿಯಿಡೀ ಹಾಡುತ್ತ ಗಂಡಸರು. ಎತ್ತಿನ ಹೆಜ್ಜೆಯೇ ಲಯ. ರಾಶಿ ಮಷಿನ್ ಬಂತು, ಎತ್ತು ಹೋಯಿತು, ನಾರಾಯಣಪುರದ ಕಾಲುವೆಯ ನೀರು ಹರಿದ ಕಡೆ ಜೋಳದ ಹೊಲವೇ ಭತ್ತದ ಗದ್ದೆಯಾಯಿತು. ಈಗ ಹಂತಿ ಪದ ಕೇಳಬೇಕೆಂದರೆ ವೇದಿಕೆಯ ಮೇಲೆ, ಮೈಕಿನ ಮುಂದೆ, ಎತ್ತಿಲ್ಲದ ವೇಗದಲ್ಲಿ.

ಭಜನಿ ಮಾತ್ರ ಉಳಿದಿದೆ. ಅದು ಯಾವ ಕೆಲಸಕ್ಕೂ ಕಟ್ಟುಬಿದ್ದಿಲ್ಲವಾದ್ದರಿಂದ ಯಾವ ಯಂತ್ರವೂ ಅದರ ಹೊಟ್ಟೆಯ ಮೇಲೆ ಹೊಡೆಯಲಿಲ್ಲ. ನಮ್ಮಿಂದ ಉತ್ತರಕ್ಕೆ ಯಡ್ರಾಮಿ ಸೀಮೆಯ ಕಡಕೋಳ. ಅಲ್ಲಿಯ ಮಡಿವಾಳಪ್ಪನ ತತ್ವಪದವಿಲ್ಲದೆ ನಮ್ಮ ಭಜನಿಗೆ ಬೆಳಗಾಗುವುದಿಲ್ಲ. ಅವನ ಬಳಗವನ್ನಾದರೂ ನೋಡಿ: ಖೈನೂರು ಕೃಷ್ಣಪ್ಪ, ಚೆನ್ನೂರು ಜಲಾಲಸಾಹೇಬ, ತೆಲುಗಬಾಳ ರೇವಪ್ಪ. ಕುಲ ಬೇರೆ, ಧರ್ಮ ಬೇರೆ, ಏಕತಾರಿ ಒಂದೇ. ಈ ಪದಕಾರರ ಬಗ್ಗೆ ಮೀನಾಕ್ಷಿ ಬಾಳಿಯವರ ಬರಹಗಳನ್ನು ಓದಿಯೇ ನಾನು ಕೇಳಲು ಕೂತದ್ದು. ನಮ್ಮೂರಿನ ಶರಣ ಭೋಗಣ್ಣನ ಕತೆ ಹರಿಹರನ ರಗಳೆಯಲ್ಲಿದೆ. ಕೀಳುಕುಲದ ಜಂಗಮನಿಗೆ ಉಣಬಡಿಸಿದನೆಂದು ಊರು ಬಿಡಿಸಿದರೆ, ಊರಿನ ಲಿಂಗಗಳೆಲ್ಲ ಅವನ ಬೆನ್ನು ಹತ್ತಿ ಹೊರಟವು. ಧಾಟಿಗಳೂ ಈ ತತ್ವಪದದವರ ಬೆನ್ನು ಹತ್ತಿದ್ದು ಹೀಗೆಯೇ ಇರಬೇಕು.

ಅಲಾಯಿ ಹಬ್ಬದ ಕತ್ತಲ ರಾತ್ರಿ ಈ ಗುಮಾನಿ ಗಟ್ಟಿಯಾಗುತ್ತದೆ. ಕುಣಿಯ ಸುತ್ತ ಹಸನ ಹುಸೇನರ ರಿವಾಯತ್ ಪದ ಹಾಡುವವರಲ್ಲಿ ಬಹಳ ಮಂದಿ ಶ್ರಾವಣದಲ್ಲಿ ಭಜನಿಗೆ ಕೂಡುವವರೇ. ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ನಲ್ಲಿ ಈ ಲೋಕವನ್ನು ಊರೂರು ತಿರುಗಿ ಕಂಡಿದ್ದಾರೆ. ನಾನು ನೋಡುವುದು ಅದರ ಒಂದು ಮೂಲೆಯನ್ನು. ಕರ್ಬಲಾದ ದುಃಖ ಹೇಳುವ ಒಂದು ಪದ ನನ್ನ ಪುಸ್ತಕದಲ್ಲಿ ಷಡ್ಜದಿಂದ ಪಂಚಮದೊಳಗೇ ಸುತ್ತುತ್ತದೆ, ಕೋಮಲ ಗಾಂಧಾರದ ಮೇಲೆ ಕಾಲೂರಿ. ಹಿಂದಿನ ಪುಟದಲ್ಲಿರುವ ಒಂದು ತತ್ವಪದವೂ ಅಷ್ಟೇ. ಒಂದನ್ನು ನಿಂತು ಹೆಜ್ಜೆ ಹಾಕುತ್ತ ಹಾಡುತ್ತಾರೆ, ಇನ್ನೊಂದನ್ನು ಕೂತು ಕೇರವಾ ಠೇಕಾಕ್ಕೆ. ಹೆಜ್ಜೆ ತೆಗೆದು ನೋಡಿದರೆ ಒಂದೇ ಹಾಡು. ಯಾವುದು ಮೊದಲು? ಭಜನಿಯವರು ಭಜನಿ ಅನ್ನುತ್ತಾರೆ, ಅಲಾಯಿಯವರು ಅಲಾಯಿ. ಇಬ್ಬರೂ ಒಬ್ಬನೇ ಆಗಿದ್ದರೆ, ಆ ದಿನ ಎಲ್ಲಿ ಕೂತಿದ್ದಾನೆ ಎಂಬುದರ ಮೇಲೆ.

ಅರ್ನಾಲ್ಡ್ ಬಾಕೆ ಎಂಬ ಡಚ್ ವಿದ್ವಾಂಸ 1938ರ ಸುಮಾರಿಗೆ ದಕ್ಷಿಣದಲ್ಲಿ ತಿರುಗಿ ಹಾಡು, ಕುಣಿತಗಳನ್ನು ಧ್ವನಿಯಲ್ಲೂ ಚಿತ್ರದಲ್ಲೂ ಹಿಡಿದಿದ್ದ. ಅವನ ಶಿಷ್ಯ ನಜೀರ್ ಜೈರಾಜಭಾಯ್, ಏಮಿ ಕ್ಯಾಟ್ಲಿನ್ ಜೊತೆಗೂಡಿ, 1984ರಲ್ಲಿ ತಮಿಳುನಾಡು, ಕೇರಳ, ಕರ್ನಾಟಕಗಳ ಅದೇ ಊರುಗಳನ್ನು ಹುಡುಕಿ ಹೋದ. ಹಳೆಯ ಮುದ್ರಿಕೆ ಕೇಳಿಸಿ, ಈಗ ಹೇಗೆ ಹಾಡುತ್ತೀರಿ ಎಂದು ಕೇಳಿದ. ಅದಕ್ಕಿಂತ ಚೆಂದದ ಸಂಶೋಧನೆ ನನಗೆ ಬೇರೆ ಕಂಡಿಲ್ಲ. ಆ ಚಾಳಿಯನ್ನು ನಾನೂ ಕಲಿತೆ. ಹಿರಿಯರ ಧ್ವನಿಯನ್ನು ಮೊಬೈಲಿನಲ್ಲಿ ಹಚ್ಚಿ ಹುಡುಗರಿಗೆ ಕೇಳಿಸುತ್ತೇನೆ. ಕೆಲವರು ನಗುತ್ತಾರೆ. ಕೆಲವರು ತಬಲಾ ಬಿಟ್ಟು ಹತ್ತಿರ ಬಂದು, ಇದನ್ನು ಕಾಳಿ ಎರಡಕ್ಕೆ ಏರಿಸಿದರೆ ಹೇಗೆ ಎಂದು ಆಗಲೇ ಲೆಕ್ಕ ಹಾಕುತ್ತಾರೆ.

ಹುಡುಗರು ಮಡಿವಾಳಪ್ಪನ ಪದವನ್ನು ಸಿನಿಮಾ ಧಾಟಿಗೆ ಕೂರಿಸುತ್ತಾರೆಂದು ಹಲುಬುವವರಿದ್ದಾರೆ. ನಾನು ಹಲುಬುವುದಿಲ್ಲ, ಅದನ್ನೂ ಬರೆದುಕೊಳ್ಳುತ್ತೇನೆ, ಪಕ್ಕದಲ್ಲಿ ಸಿನಿಮಾದ ಹೆಸರು ಸಮೇತ. ಕಳೆದ ಶ್ರಾವಣದಲ್ಲಿ ಹಾಗೆ ಬರೆಯುವಾಗ ಪೇಟಿ ಹಿಡಿದ ಹುಡುಗ ಇಣುಕಿ ನೋಡಿದ.

‘ಅದನ್ನ ಹೊಡದ್ಹಾಕ್ರಿ ಸರ. ಅದು ಸಿನಿಮಾದ್ದಲ್ಲ, ನಮ್ಮ ಮುತ್ಯಾನ ಧಾಟಿ. ಸಿನಿಮಾದವ್ರ ಒಯ್ದಾರ.’

ಹೊಡೆದು ಹಾಕಲಿಲ್ಲ. ಸಿನಿಮಾದ ಹೆಸರಿನ ಮುಂದೆ ಒಂದು ಪ್ರಶ್ನೆ ಚಿಹ್ನೆ ಇಟ್ಟೆ, ಮುತ್ಯಾನ ಹೆಸರು ಕೇಳಿಕೊಂಡು ಅದರ ಮುಂದೆಯೂ ಒಂದು ಇಟ್ಟೆ. ಹುಡುಗನಿಗೆ ಎರಡನೆಯದು ಸೇರಲಿಲ್ಲ.