ಮುನ್ಷಿಯ ಕೆಲಸ

ಒಂದು ವರ್ಷ ನಾನು ಮುನ್ಷಿಯಾಗಿದ್ದೆ. ಹತ್ತೊಂಬತ್ತನೇ ಶತಮಾನದಲ್ಲಿ ಕಡಲು ದಾಟಿ ಬಂದ ಪಾದ್ರಿಗಳಿಗೂ ಕಂಪನಿ ಸರ್ಕಾರದ ಸಾಹೇಬರಿಗೂ ದೇಶಭಾಷೆ ಹೇಳಿಕೊಡುತ್ತಿದ್ದವರು ಮುನ್ಷಿಗಳು. ಕಲಿತವರ ಹೆಸರು ಪುಸ್ತಕಗಳಲ್ಲಿ ಉಳಿಯಿತು. ಕಲಿಸಿದವರ ಹೆಸರು ಬಹುಪಾಲು ಉಳಿಯಲಿಲ್ಲ. ನನ್ನದೂ ಉಳಿಯಬೇಕಾದ್ದೇನಿಲ್ಲ, ಬಸ್ ಚಾರ್ಜಿಗಾಗಿ ಒಪ್ಪಿಕೊಂಡ ಕೆಲಸ ಅದು.

ನನ್ನ ಶಿಷ್ಯ ತಿರುನೆಲ್ವೇಲಿ ಕಡೆಯ ಇಪ್ಪತ್ತೆರಡರ ಹುಡುಗ. ಸುವಾರ್ತೆ ಸಾರಲು ಬಂದವನು. ನಮ್ಮ ಜವನಗೊಂಡನಹಳ್ಳಿಯಲ್ಲಿ ಗೊಬ್ಬರದಂಗಡಿಯ ಮೇಲಿನ ಕೋಣೆ ಬಾಡಿಗೆಗೆ ಹಿಡಿದಿದ್ದ. ನಾನಾಗ ಚಿತ್ರದುರ್ಗದಲ್ಲಿ ಕನ್ನಡ ಎಂ.ಎ. ಓದುತ್ತ ದಿನಾ ಹಿರಿಯೂರಿನ ಮೇಲೆ ಓಡಾಡುತ್ತಿದ್ದೆ. ಸಂಜೆ ಬಸ್ಸಿಳಿದವನೇ ಅವನ ಕೋಣೆಗೆ ಹೋಗುತ್ತಿದ್ದೆ. ಒಂದು ಚಾಪೆ, ಸ್ಟೌವು, ತಮಿಳು ಬೈಬಲ್ಲು, ಗೋಡೆಗೆ ಅಂಟಿಸಿದ ಕನ್ನಡ ಕಾಗುಣಿತ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಪ್ರಾರ್ಥನೆ ಮಾಡಿ, ಅನ್ನ ಬೇಯಿಸಿಕೊಂಡು ತಿಂದು, ಬಿಸಿಲೇರುವ ಮೊದಲೇ ಯಾವುದೋ ಹಳ್ಳಿಗೋ ಹಟ್ಟಿಗೋ ನಡೆದುಬಿಡುತ್ತಿದ್ದ. ಸಂಜೆ ನಾನು ಹೋದಾಗ ಕಾಲು ಚಾಚಿ ಕೂತು ಅಂದು ಕಿವಿಗೆ ಬಿದ್ದ ಮಾತುಗಳನ್ನು ತಮಿಳಕ್ಷರದಲ್ಲಿ ಬರೆದುಕೊಳ್ಳುತ್ತಿರುತ್ತಿದ್ದ.

ಅವನಿಗೆ ಪಾಠ ಮಾಡಲೆಂದೇ ನಾನು ಮೊದಲ ಬಾರಿ ಕಿಟೆಲ್ ಕೋಶವನ್ನು ಸರಿಯಾಗಿ ತೆರೆದದ್ದು. ಫರ್ಡಿನಾಂಡ್ ಕಿಟೆಲ್ ಬಾಸೆಲ್ ಮಿಷನ್ನಿನಿಂದ ಮಂಗಳೂರಿಗೆ ಬಂದದ್ದು 1853ರಲ್ಲಿ, ಆಗ ಅವರಿಗೂ ಇಪ್ಪತ್ತೊಂದೇ ವರ್ಷ. ಕನ್ನಡ-ಇಂಗ್ಲಿಷ್ ಕೋಶ ಅಚ್ಚಾದದ್ದು 1894ರಲ್ಲಿ, 1,700ಕ್ಕೂ ಹೆಚ್ಚು ಪುಟ, ಸುಮಾರು 70,000 ಪದ. ಬಂದವರು ಬೋಧಿಸಲು ಬಂದಿದ್ದರು, ಆದರೆ ಬೋಧಕರಾಗಿ ಅವರು ಹೆಚ್ಚೇನೂ ಯಶಸ್ಸು ಕಂಡವರಲ್ಲ. ಅವರಿಗಿಂತ ಮೊದಲು, 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಕಲ್ಲಚ್ಚಿನಲ್ಲಿ 'ಮಂಗಳೂರ ಸಮಾಚಾರ' ತಂದರು. ಆಮೇಲೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೆಲ್ಲ ಅಚ್ಚು ಹಾಕಿಸಿದರು. ಊರೂರಿಗೆ ಹೋಗಿ ನಿಮ್ಮ ದೇವರು ದೇವರಲ್ಲ ಎನ್ನಬೇಕಾದವರು ಆ ದೇವರ ಹಾಡುಗಳನ್ನು ಹುಡುಕಿ ಪ್ರಕಟಿಸಿದ್ದು ನನಗೆ ಈಗಲೂ ಸೋಜಿಗವೇ. ಎದುರಾಳಿಯನ್ನು ತಿಳಿಯಲೆಂದು ಓದಿದರು ಎನ್ನುವವರಿದ್ದಾರೆ. ಶುರುವಿನಲ್ಲಿ ಅದು ನಿಜವೂ ಇರಬಹುದು. ಆದರೆ ಬರೀ ಜಗಳಕ್ಕಾಗಿ ಯಾರೂ ಒಂದು ಭಾಷೆಯ ಜೊತೆ ನಲವತ್ತು ವರ್ಷ ಬಾಳುವುದಿಲ್ಲ.

ಎಲ್ಲರಿಗೂ ಅಷ್ಟು ಕಾಲ ದಕ್ಕಲೂ ಇಲ್ಲ. 1869ರಲ್ಲಿ ಮಂಗಳೂರಿಗೆ ಬಂದ ಯೊಹಾನ್ನೆಸ್ ಹೆಸ್ಸೆ ಎಂಬ ತರುಣ ಆರೋಗ್ಯ ಕೆಟ್ಟು 1873ರಲ್ಲಿ ವಾಪಸಾದ. 'ಸಿದ್ಧಾರ್ಥ' ಬರೆದ ಹರ್ಮನ್ ಹೆಸ್ಸೆ ಅವನ ಮಗ.

ಕಿಟೆಲ್ ಕೋಶದಲ್ಲಿ ಕನ್ನಡ ಪದದ ಪಕ್ಕದಲ್ಲೇ ತಮಿಳು, ತೆಲುಗು, ಮಲಯಾಳಂ ರೂಪಗಳಿರುತ್ತವೆ. ನನಗೆ ಅದೇ ದಾರಿಯಾಯಿತು. ನಿಮ್ಮ ಪಾಲು ನಮ್ಮ ಹಾಲು, ನಿಮ್ಮ ಪುಲಿ ನಮ್ಮ ಹುಲಿ, ಪಕಾರ ಬಂದಲ್ಲಿ ಹಕಾರ ಹಾಕು ಎಂದೆ. ಮಾರನೇ ದಿನ ಅಂಗಡಿಯಲ್ಲಿ ಇನ್ನೂರು ಪುಟದ 'ಹುಸ್ತಕ' ಕೊಡಿ ಅಂದಿದ್ದನಂತೆ.

ನಗು ಅಲ್ಲಿಗೆ ಮುಗಿಯಲಿಲ್ಲ. ಒಂದು ದಿನ ನಮ್ಮ ಮನೆ ಜಗಲಿಯಲ್ಲಿ ಕೂತು ಅಜ್ಜಿಗೆ ತನ್ನ ಧರ್ಮ ಹೇಳಲು ಹೊರಟ. ನಮ್ಮದು ಜುಂಜಪ್ಪನ ಒಕ್ಕಲು. ಗಣೆ ಊದಿಕೊಂಡು ರಾತ್ರಿಯಿಡೀ ಹಾಡುವ ಜುಂಜಪ್ಪನ ಕಥೆ ಕೇಳಿ ಬೆಳೆದ ಜೀವ ಅದು. ಹುಡುಗ ಬಾಯಿಪಾಠ ಮಾಡಿಕೊಂಡಿದ್ದ ವಾಕ್ಯ ಒಪ್ಪಿಸಿದ: "ನಾವೆಲ್ಲರೂ ಪಾಪಿಗಳು ಅಜ್ಜಿ."

"ಅಯ್ಯೋ ಪಾಪ! ನೀನೇನ್ ಪಾಪ ಮಾಡೀಯಪ್ಪ, ಇನ್ನೂ ಪಾಪನಂಗಿದೀಯ. ಉಂಡ್ಯೋ ಇಲ್ವೋ?"

ಅವನು ನನ್ನ ಮುಖ ನೋಡಿದ. ಒಂದೇ ಉಸಿರಿನಲ್ಲಿ ಮೂರು ಪಾಪ, ಮೂರಕ್ಕೂ ಬೇರೆ ಬೇರೆ ಅರ್ಥ. ಮರುಕ, ಮಾಡಬಾರದ ಕೆಲಸ, ಎಳೆಮಗು. ಬಿಡಿಸಿ ಹೇಳಿದೆ. ಅಷ್ಟರಲ್ಲಿ ಮುದ್ದೆ, ಹುರುಳಿ ಸಾರು ಬಂತು. ಆ ದಿನ ಪ್ರವಚನ ಮುಂದುವರಿಯಲಿಲ್ಲ.

ತಿಂಗಳ ಕೊನೆಗೆ ಅವನು ಒಂದು ವರದಿ ಕಳಿಸಬೇಕಿತ್ತು. ಎಷ್ಟು ಹಳ್ಳಿ ತಿರುಗಿದೆ, ಎಷ್ಟು ಜನ ಕೇಳಿದರು, ಎಷ್ಟು ಜನ ಒಪ್ಪಿದರು. ಮೊದಲೆರಡು ಖಾನೆ ತುಂಬುತ್ತಿದ್ದವು, ಮೂರನೆಯದರಲ್ಲಿ ಪ್ರತಿ ತಿಂಗಳೂ ಸೊನ್ನೆ. ಮೇಲಿನವರ ಫೋನು ಬಂದ ರಾತ್ರಿ ಅವನು ಪಾಠ ಬೇಡ ಎನ್ನುತ್ತಿದ್ದ. ಊರಿನ ಕಡೆಯಿಂದಲೂ ಸುಖವಿರಲಿಲ್ಲ. ಹೋಟೆಲ್ ಮುಂದೆ ನಾಲ್ಕು ಜನ ಹುಡುಗರು ನಿಲ್ಲಿಸಿಕೊಂಡು, ಯಾರು ಕಳಿಸಿದ್ದು, ಎಷ್ಟು ದುಡ್ಡು ಬರುತ್ತೆ ಎಂದೆಲ್ಲ ಕೇಳಿದ್ದರು. ನಮ್ಮ ಮಾವ ನನ್ನನ್ನೇ ಹಿಡಿದ: "ಕನ್ನಡ ಕಲಿಸ್ತಿದೀಯೋ, ನಮ್ಮ ಜನಾನ ಮಾರ್ತಿದೀಯೋ?"

ಆ ಪ್ರಶ್ನೆಗೆ ನನ್ನಲ್ಲಿ ಚೊಕ್ಕವಾದ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಅವನು ಬಂದದ್ದು ನಮ್ಮನ್ನು ಬದಲಾಯಿಸಲಿಕ್ಕೇ, ಅದನ್ನು ಅವನು ಮುಚ್ಚಿಟ್ಟವನೂ ಅಲ್ಲ. ಜುಂಜಪ್ಪನನ್ನು ಬಿಡಿ ಎಂದು ಅಜ್ಜಿಗೆ ಹೇಳಿದ್ದರೆ ನಾನೇ ಅವನನ್ನು ಜಗಲಿಯಿಂದ ಇಳಿಸುತ್ತಿದ್ದೆ. ಅವನಿಗೂ ಅದು ಗೊತ್ತಿತ್ತು. ಆದರೂ ದಿನಾ ಸಂಜೆ ಕ್ರಿಯಾಪದ ಕಲಿಸಲು ಹೋಗುತ್ತಿದ್ದೆ. ಭಾಷೆ ಕಲಿತವನು ಸುಲಭವಾಗಿ ಸುಳ್ಳು ಹೇಳಬಲ್ಲ, ನಿಜ. ಹಾಗೆಯೇ ಎದುರಿನವರು ಅಂದದ್ದು ತನಗೆ ಅರ್ಥವಾಗಲಿಲ್ಲ ಎಂದು ಅವನು ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಮಾವನಿಗೆ ಇಷ್ಟನ್ನೇ ಹೇಳಿದೆ. "ಓದ್ದೋರ್ ಮಾತು" ಅಂದು ಎದ್ದುಹೋದ.

ಆ ವರ್ಷ ಮಳೆ ಕೈಕೊಟ್ಟಿತ್ತು. ಕಡ್ಲೆಕಾಯಿ ಹೊಲದಲ್ಲೇ ಒಣಗಿತು. ಹುಡುಗ ಹಟ್ಟಿಗಳಿಗೆ ಹೋದಾಗ ಬೋಧನೆಗಿಂತ ನೀರಿನ ಕೊಡ ಹೊರುವುದೇ ಹೆಚ್ಚಾಯಿತು. ಹೇಳುವ ವಾಕ್ಯಗಳು ಕಮ್ಮಿಯಾದವು. ಮೊದಲೆಲ್ಲ ನನ್ನನ್ನು ಕೇಳುತ್ತಿದ್ದ ಪದಗಳು ರಕ್ಷಣೆ, ಕೃಪೆ, ಪಶ್ಚಾತ್ತಾಪ. ಈಗ ಕೇಳುತ್ತಿದ್ದವು ಬೋರ್‌ವೆಲ್ ಬತ್ತಿತು ಅನ್ನುವುದು ಹೇಗೆ, ಬಡ್ಡಿ ಅಂದರೇನು, ಗುಳೆ ಅಂದರೇನು. ನೋಟ್‌ಬುಕ್ಕಿನಲ್ಲಿ ತಮಿಳಕ್ಷರ ಹೋಗಿ ಗುಂಡಗಿನ ಕನ್ನಡ ಬಂದಿತ್ತು.

ಅಜ್ಜಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡದ್ದು ಆ ದಿನಗಳಲ್ಲೇ. ಅಪ್ಪ ಕೆಲಸಕ್ಕೆಂದು ಬೆಂಗಳೂರಿನಲ್ಲಿದ್ದ, ನನಗೆ ಪರೀಕ್ಷೆ. ಆರು ರಾತ್ರಿ ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಮಲಗಿದವನು ಆ ಹುಡುಗ. ಒಂದು ಬೆಳಗಿನ ಜಾವ ನಾನು ಹೋದಾಗ ಅವನು ಕಣ್ಣು ಮುಚ್ಚಿ ಗೋಡೆಗೆ ಒರಗಿ ಕೂತಿದ್ದ. ಅಜ್ಜಿ ಎಚ್ಚರವಾಗಿಯೇ ಇದ್ದಳು. ಅವನು ಕಣ್ಣು ಬಿಟ್ಟಾಗ ಕೇಳಿದಳು: "ಏನ್ ಹೇಳ್ದೆ ನಿನ್ ದೇವ್ರಿಗೆ?"

"ಹೇಳ್ಲಿಲ್ಲ ಅಜ್ಜಿ. ಕೇಳ್ದೆ."

ಕನ್ನಡದಲ್ಲಿ ಕೇಳುವುದು ಎಂದರೆ ಬೇಡುವುದೂ ಹೌದು, ಕಿವಿಗೊಡುವುದೂ ಹೌದು. ಕಿಟೆಲ್ ಕೋಶದಲ್ಲೂ ಎರಡೂ ಇವೆ, ತಮಿಳಿನಲ್ಲೂ ಅದೇ ಪದ, ಅದೇ ಜೋಡಿ ಅರ್ಥ. ಅವನು ಯಾವುದನ್ನು ಅಂದನೋ ನಾನು ವಿಚಾರಿಸಲಿಲ್ಲ. ಅಜ್ಜಿ ಮಾತ್ರ, "ನಂಗೂ ಸೇರ್ಸಿ ಕೇಳು" ಅಂದು ಮಗ್ಗುಲಾಗಲು ಕೈ ಚಾಚಿದಳು.

ಯುಗಾದಿ ಕಳೆದ ಮೇಲೆ ಅವನನ್ನು ಮಡಕಶಿರಾ ಕಡೆಗೆ ವರ್ಗ ಮಾಡಿದರು. ಮೂರನೇ ಖಾನೆ ಖಾಲಿಯಿದ್ದದ್ದೇ ಕಾರಣವಿರಬೇಕು. ಎರಡು ತಿಂಗಳ ಮೇಲೆ ಫೋನ್ ಮಾಡಿದ್ದ. ಅಜ್ಜಿ ಕೋಲು ಹಿಡಿದು ಓಡಾಡುತ್ತಾಳೋ, ಗಾಯತ್ರಿ ಡ್ಯಾಮಿಗೆ ನೀರು ಬಂತೋ ಎಂದೆಲ್ಲ ವಿಚಾರಿಸಿ, ಕೊನೆಗೆ ಹೊಸ ಮುನ್ಷಿಯ ಮೇಲೆ ದೂರು ಹೇಳಿದ:

"ತೆಲುಗು ಕಷ್ಟ ಅಣ್ಣ. ಕೇಳೋದಕ್ಕೆ ಇಲ್ಲಿ ಎರಡು ಬೇರೆ ಬೇರೆ ಮಾತಿದಾವೆ."