ಎರಡು ನೀರಿನ ನಡುವೆ ವಲಿಯಪರಂಬ

ಕಾಸರಗೋಡು ಜಿಲ್ಲೆಯ ದಕ್ಷಿಣ ತುದಿಯಲ್ಲಿ ಮರಳಿನದೇ ಒಂದು ನಾಡಿದೆ. ಉದ್ದ ಸುಮಾರು 24 ಕಿಲೋಮೀಟರ್. ಅಗಲ ಎಷ್ಟೆಂದರೆ, ಕೆಲವು ಕಡೆ ಕಡಲಿಗೆ ಬೆನ್ನು ಮಾಡಿ ನಡೆಯತೊಡಗಿದರೆ ನಾಲ್ಕು ಮನೆ ದಾಟುವಷ್ಟರಲ್ಲಿ ಹಿನ್ನೀರಿನ ದಡ ಎದುರಾಗುತ್ತದೆ. ಪಡುವಣಕ್ಕೆ ಅರಬ್ಬಿ ಕಡಲು, ಮೂಡಣಕ್ಕೆ ಕವ್ವಾಯಿ ಕಾಯಲು, ನಡುವೆ ತೆಂಗು, ಮನೆ, ಮಸೀದಿ, ಕಾವು, ಶಾಲೆ, ಒಂದು ರಸ್ತೆ. ಇದು ವಲಿಯಪರಂಬ. ಇದಕ್ಕೆ ತನ್ನದೇ ಗ್ರಾಮ ಪಂಚಾಯತ್ ಇದೆ.

ಮಂಜೇಶ್ವರ, ಕುಂಬಳೆ ಕಡೆಯ ನಮ್ಮ ತಿರುಗಾಟ ಸಾಮಾನ್ಯವಾಗಿ ಚಂದ್ರಗಿರಿ ಹೊಳೆ ದಾಟಿ ಬೇಕಲ ಕೋಟೆಯ ಬುರುಜು ಹತ್ತುವಲ್ಲಿಗೆ ಮುಗಿಯುತ್ತದೆ. ಅದರಾಚೆ ಹೊಸದುರ್ಗ, ನೀಲೇಶ್ವರ ದಾಟಿ ಚೆರುವತ್ತೂರಿನಲ್ಲಿ ರೈಲಿಳಿದರೆ ಬೇರೊಂದು ಲೋಕವೇ ತೆರೆದುಕೊಳ್ಳುತ್ತದೆ. ತೃಕ್ಕರಿಪುರದ ಹತ್ತಿರ ಆಯಿಟ್ಟಿ ಎಂಬ ಕಡವು ಇದೆ. ಅಲ್ಲಿಂದ ಕೇರಳ ರಾಜ್ಯ ಜಲಸಾರಿಗೆ ಇಲಾಖೆಯ ದೋಣಿ ಹೊರಡುತ್ತದೆ. ಬಸ್ಸಿನ ಹಾಗೆಯೇ ಟಿಕೆಟು, ಬಸ್ಸಿನ ಹಾಗೆಯೇ ನಿಲ್ದಾಣಗಳು. ಶಾಲೆಯ ಮಕ್ಕಳು, ಮೀನಿನ ಬುಟ್ಟಿ, ಅಕ್ಕಿಯ ಚೀಲ ಎಲ್ಲವೂ ಹತ್ತುತ್ತವೆ. ದೋಣಿ ದಡ ಬಿಟ್ಟು ಸ್ವಲ್ಪ ಹೊತ್ತಿಗೇ ದಕ್ಷಿಣದಲ್ಲಿ ಏಳಿಮಲೆ ತಲೆಯೆತ್ತಿತು. ಮಾರ್ಕೋ ಪೋಲೋ 'ಏಲಿ' ಎಂದು ಬರೆದಿಟ್ಟ ನಾಡು ಅದೇ. ಕಡಲಲ್ಲಿ ಬಂದವರಿಗೆಲ್ಲ ಭಾರತದ ಕರಾವಳಿಯ ಗುರುತಾಗಿ ನಿಂತಿದ್ದ ಆ ಬೆಟ್ಟವನ್ನು ಒಂದು ಸಾಧಾರಣ ಪ್ರಯಾಣಿಕರ ದೋಣಿಯ ಮರದ ಹಲಗೆಯ ಮೇಲೆ ಕುಳಿತು ನೋಡುತ್ತಿದ್ದೇನೆ ಎಂಬುದೇ ನನಗೆ ರೋಮಾಂಚನ ತಂದಿತು.

ಈ ಕಾಯಲಿನ ಹುಟ್ಟೇ ಬೆರಗಿನದು. ಮಲೆಯಿಂದ ಇಳಿದ ಹೊಳೆಗಳು ಮರಳು ತಂದು ಕಡಲಿಗೆ ಸುರಿಯುತ್ತವೆ. ಕಡಲು ಅದನ್ನು ನುಂಗುವುದಿಲ್ಲ. ಅಲೆ ಮತ್ತು ದಡದ ಗುಂಟ ಸಾಗುವ ಸೆಳೆತ ಸೇರಿ ಅದನ್ನು ಕರಾವಳಿಗೆ ಸಮಾನಾಂತರವಾಗಿ ಹಾಸುತ್ತವೆ. ಹಾಗೆ ಎದ್ದ ದಿಣ್ಣೆಯ ಹಿಂದೆ ಹೊಳೆಗಳ ನೀರು ನಿಂತು ಹಿನ್ನೀರಾಯಿತು. ಉತ್ತರ ಕೇರಳದಲ್ಲಿ ಇದಕ್ಕಿಂತ ದೊಡ್ಡ ಹಿನ್ನೀರಿಲ್ಲ.

ಇಂಥ ಮರಳಿನಲ್ಲಿ ಕುಡಿಯುವ ನೀರು ಎಲ್ಲಿಂದ? ಒಂದು ಮನೆಯಂಗಳದ ಬಾವಿಯಲ್ಲಿ ಇಣುಕಿದೆ. ಕೈಗೆ ನಿಲುಕುವಷ್ಟು ಮೇಲೆ ತಿಳಿನೀರು. ಬೊಗಸೆಯಲ್ಲಿ ಕುಡಿದರೆ ಸಿಹಿ. ಎರಡೂ ಕಡೆ ಉಪ್ಪುನೀರಿರುವಾಗ ಇದು ಹೇಗೆ? ಮಳೆಯ ನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಕಡಲ ಮಟ್ಟಕ್ಕಿಂತ ಒಂದು ಅಡಿ ಮೇಲೆ ಸಿಹಿನೀರು ನಿಂತರೆ, ಮಟ್ಟದ ಕೆಳಗೆ ಸುಮಾರು 40 ಅಡಿಯವರೆಗೂ ಸಿಹಿನೀರೇ ಇರುತ್ತದೆ ಎಂಬುದು ಭೂಜಲ ಶಾಸ್ತ್ರದ ಲೆಕ್ಕ. ಅತಿಯಾಗಿ ಪಂಪು ಹಚ್ಚಿ ಎಳೆದರೆ ಅಷ್ಟೇ ಬೇಗ ಕೆಳಗಿನಿಂದ ಉಪ್ಪು ಏರುತ್ತದೆ. ಈ ನಾಡಿನ ಖಜಾನೆ ಎಂದರೆ ಈ ತೇಲುವ ನೀರು.

ಲಕ್ಷದ್ವೀಪದ ಬಾವಿಗಳೂ ಇದೇ ನಿಯಮದ ಮೇಲೆ ಬದುಕುತ್ತವೆ. ಆ ಹೋಲಿಕೆ ನನ್ನ ಮನಸ್ಸಿಗೆ ಬರಲು ಇನ್ನೊಂದು ಕಾರಣವಿದೆ. ಈ ಮರಳ ನಾಡೂ ಆ ದ್ವೀಪಗಳಲ್ಲಿ ಐದೂ ಒಂದು ಕಾಲಕ್ಕೆ ಒಂದೇ ಜಿಲ್ಲೆಯವು. 1780ರ ದಶಕದಲ್ಲಿ ಕಣ್ಣೂರಿನ ಅರಕ್ಕಲ್ ಅರಸೊತ್ತಿಗೆಯ ಆಳ್ವಿಕೆಗೆ ಬೇಸತ್ತ ಅಮಿನಿಯ ಜನ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಅಮಿನಿ, ಕಡ್‌ಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಅವನ ವಶಕ್ಕೆ ಬಂದವು. 1799ರ ಬಳಿಕ ಕಂಪನಿ ಸರಕಾರ ಅವನ್ನು ಕೆನರಾ ಜಿಲ್ಲೆಗೆ, ಅಂದರೆ ಮುಂದಿನ ದಕ್ಷಿಣ ಕನ್ನಡಕ್ಕೆ, ಸೇರಿಸಿತು. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಓಡಗಳಲ್ಲಿ ತುಂಬಿ ಮಂಗಳೂರಿಗೆ ತಂದು, ಅಕ್ಕಿ ಕೊಂಡೊಯ್ಯುತ್ತಿದ್ದರು. ತೃಕ್ಕರಿಪುರದವರೆಗಿನ ನೆಲ ಆಗ ಕಾಸರಗೋಡು ತಾಲೂಕು; ಅದರಾಚೆ ಮಲಬಾರು. 1956ರ ನವೆಂಬರ್ 1ರಂದು ದ್ವೀಪಗಳು ಕೇಂದ್ರಾಡಳಿತಕ್ಕೆ ಹೋದವು, ಕಾಸರಗೋಡು ಕೇರಳಕ್ಕೆ ಹೋಯಿತು. ಆ ದಿನದ ಬಗ್ಗೆ ನಾವು ಕಾಸರಗೋಡಿನ ಕನ್ನಡಿಗರು ಎಷ್ಟೋ ಮಾತಾಡಿದ್ದೇವೆ. ಆದರೆ ಅದೇ ದಿನ ಮಂಗಳೂರಿನ ಕಲೆಕ್ಟರರ ಕೈಯಿಂದ ಒಂದು ದ್ವೀಪಸಮೂಹವೇ ಜಾರಿತೆಂದು ನೆನೆಯುವವರು ಕಡಿಮೆ.

ಇಂದಿನ ಆಡಳಿತದ ಮಾತಿಗೆ ಬಂದರೆ, ಈ ಹಿನ್ನೀರಿನ ಸುತ್ತ ರಾಜಕೀಯ ದಟ್ಟವಾಗಿದೆ. 1957ರಲ್ಲಿ ಕೇರಳದ ಮೊದಲ ಮುಖ್ಯಮಂತ್ರಿಯಾದ ಇ.ಎಂ.ಎಸ್. ನಂಬೂದಿರಿಪಾಡ್ ಗೆದ್ದದ್ದು ನೀಲೇಶ್ವರದಿಂದ. 1987ರಲ್ಲಿ ಇ.ಕೆ. ನಾಯನಾರ್ ಮುಖ್ಯಮಂತ್ರಿಯಾದದ್ದು ತೃಕ್ಕರಿಪುರದ ಶಾಸಕರಾಗಿ. ವಲಿಯಪರಂಬ ಈಗ ಅದೇ ಕ್ಷೇತ್ರದಲ್ಲಿದೆ. 1996ರ ಜನಕೀಯ ಯೋಜನೆ ಎಂಬ ವಿಕೇಂದ್ರೀಕರಣ ಅಭಿಯಾನದಿಂದ ಕೇರಳದ ಪಂಚಾಯತ್‌ಗಳ ಕೈಗೆ ನಿಜವಾದ ಹಣ ಬಂತು, 1998ರಲ್ಲಿ ಹೆಂಗಸರ ಸ್ವಸಹಾಯ ಗುಂಪುಗಳ ಕುಟುಂಬಶ್ರೀ ಯೋಜನೆ ಬಂತು. ಇಲ್ಲಿನ ಪಂಚಾಯತ್‌ನ ಕಷ್ಟ ಮಾತ್ರ ಬೇರೆ ಊರುಗಳಿಗಿಲ್ಲದ್ದು. ಎರಡೂ ಕಡೆ ನೀರಿರುವುದರಿಂದ ಕರಾವಳಿ ನಿಯಂತ್ರಣ ಕಾನೂನಿನ ಗೆರೆ ಎಲ್ಲಿಂದ ಅಳೆದರೂ ಯಾರದೋ ಅಂಗಳಕ್ಕೆ ಬಂದು ಬೀಳುತ್ತದೆ. ಮಗನಿಗೊಂದು ಮನೆ ಕಟ್ಟಿಕೊಡಲೂ ಮೊದಲು ಕಡಲಿನ ದೂರ ಅಳೆಯಬೇಕು, ಆಮೇಲೆ ಕಾಯಲಿನ ದೂರ.

ಕಾಯಲಿನೊಳಗೆ ಇಡಯಿಲೆಕ್ಕಾಡ್ ಎಂಬ ನಡುಗಡ್ಡೆ ಇದೆ. ಅಲ್ಲಿನ ನಾಗನ ಕಾವು, ಅಂದರೆ ನಾಗಬನ, ಹಗಲಲ್ಲೂ ಮಬ್ಬು. ಕೊಡಲಿ ತಾಗದ ಮರಗಳ ತುಂಬ ಕೋತಿಗಳು. ಓಣಂ ಸಮಯದಲ್ಲಿ ಊರಿನ ಗ್ರಂಥಾಲಯದ ಮಕ್ಕಳು ಈ ಕೋತಿಗಳಿಗೆ ಬಾಳೆಯೆಲೆ ಹಾಕಿ ಉಪ್ಪಿಲ್ಲದ ಅನ್ನ, ಹಣ್ಣು, ತರಕಾರಿ ಬಡಿಸುತ್ತಾರೆ. ಕಾಡಿನ ಪ್ರಜೆಗಳಿಗೂ ಹಬ್ಬದೂಟದ ಹಕ್ಕಿದೆಯೆಂದು ಮಕ್ಕಳಿಗೆ ಕಲಿಸುವ ಊರಿನ ಮೇಲೆ ನನಗೆ ತುಂಬ ಗೌರವ ಮೂಡಿತು.

ಆದರೆ ನನ್ನನ್ನು ಬಹಳ ಹೊತ್ತು ನಿಲ್ಲಿಸಿಕೊಂಡದ್ದು ಪಡನ್ನ ಎಂಬ ಊರಿನ ಎದುರಿನ ನೀರು. ಅಲ್ಲಿ ಬಿದಿರ ಗಳಗಳ ಚಪ್ಪರಗಳಿವೆ, ಸಾಲು ಸಾಲಾಗಿ. ಅವುಗಳಿಂದ ಹಗ್ಗಗಳು ನೀರಿಗೆ ಇಳಿದಿವೆ. ಇದು ಕಲ್ಲುಮ್ಮಕ್ಕಾಯಿಯ ಹೊಲ. ನಮ್ಮ ತುಳುನಾಡಿನ ಪಚ್ಚಿಲೆ. ಮಳೆ ಕಳೆದು ಕಾಯಲಿಗೆ ಉಪ್ಪು ಮರಳಿದ ಮೇಲೆ, ಕಡಲ ಬಂಡೆಗಳಿಂದ ಮರಿಗಳನ್ನು ತಂದು ಹಗ್ಗದ ಸುತ್ತ ಹರಡಿ ತೆಳು ಬಟ್ಟೆ ಸುತ್ತಿ ಹೊಲಿಯುತ್ತಾರೆ. ಬಟ್ಟೆ ನೀರಿನಲ್ಲಿ ಕರಗುವಷ್ಟರಲ್ಲಿ ಮರಿಗಳು ತಮ್ಮ ಮೈಯಿಂದಲೇ ನಾರಿನೆಳೆ ಹೊರಡಿಸಿ ಹಗ್ಗವನ್ನು ಕಚ್ಚಿಕೊಂಡಿರುತ್ತವೆ. ಮೇವು ಹಾಕಬೇಕಿಲ್ಲ, ಗೊಬ್ಬರ ಬೇಡ. ಏರಿಳಿತದ ನೀರನ್ನು ಸೋಸಿ ತಿಂದು ಬೆಳೆಯುತ್ತವೆ. 1990ರ ದಶಕದಲ್ಲಿ ಕೇಂದ್ರ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಈ ವಿಧಾನವನ್ನು ಇಲ್ಲಿಗೆ ತಂದಿತು. ಅದನ್ನು ಬೆಳೆಸಿದವರು ಹೆಂಗಸರ ಸ್ವಸಹಾಯ ಗುಂಪುಗಳು.

ಚಪ್ಪರದ ಹತ್ತಿರ ಮೊಣಕಾಲುದ್ದದ ನೀರಿನಲ್ಲಿ ನಿಂತಿದ್ದ ಒಬ್ಬ ತಾಯಿ ಒಂದು ಹಗ್ಗವನ್ನು ಎತ್ತಿ ತೋರಿಸಿದರು. ಕಷ್ಟಪಟ್ಟು ಎತ್ತಬೇಕಾದಷ್ಟು ತೂಕ. ಹಸಿರಂಚಿನ ಚಿಪ್ಪುಗಳು ಗೊಂಚಲು ಗೊಂಚಲು. "ಯಾವಾಗ ಕೊಯ್ಲು?" ಎಂದೆ. ಅವರು ಮೂಡು ದಿಕ್ಕಿನ ಬೆಟ್ಟಗಳ ಕಡೆ ಕೈ ಮಾಡಿ, ಅಲ್ಲಿ ಮಳೆ ಕೂರುವ ಮೊದಲು ಎಂದರು. ಕಾಯಲಿಗೆ ಉತ್ತರದಲ್ಲಿ ಬಂದು ಸೇರುವ ತೇಜಸ್ವಿನಿ ಹುಟ್ಟುವುದು ಕೊಡಗಿನ ಕಾಡಿನಲ್ಲಿ. ಅಲ್ಲಿ ಮುಂಗಾರು ಹಿಡಿದರೆ ಕೆಂಪು ನೀರು ಇಳಿದು ಬರುತ್ತದೆ, ಕಾಯಲಿನ ಉಪ್ಪು ಕಳೆಯುತ್ತದೆ, ಹಗ್ಗದಲ್ಲಿ ಉಳಿದ ಬೆಳೆ ಸಾಯುತ್ತದೆ. ಕೊಡಗಿಗೂ ಇಲ್ಲಿಗೂ ನಡುವೆ ರಾಜ್ಯದ ಗೆರೆಯಿದೆ. ಈ ತಾಯಿಯ ವರುಷದ ಲೆಕ್ಕ ಇಂದಿಗೂ ಕೊಡಗಿನ ಮಳೆಯೊಡನೆ ನಡೆಯುತ್ತಿದೆ.

ನೋಡಬಯಸುವವರು ಏಪ್ರಿಲ್‌ನಲ್ಲಿ ಹೋಗಿ. ಆಗ ಹಗ್ಗಗಳು ತುಂಬಿರುತ್ತವೆ, ಕೊಯ್ಲು ಶುರುವಾಗಿರುತ್ತದೆ. ಸೇತುವೆ ದಾಟಿ ಕಾರಿನಲ್ಲೂ ವಲಿಯಪರಂಬದ ಮಾವಿಲಾಕಡಪ್ಪುರ ಸೇರಬಹುದು, ಆದರೆ ಆಯಿಟ್ಟಿಯಿಂದ ಕೋಟ್ಟಪ್ಪುರದ ದೋಣಿಯನ್ನೇ ಹತ್ತಿ. ದಾರಿಯಲ್ಲಿ ವಲಿಯಪರಂಬದವರು ಹತ್ತಿ ಇಳಿಯುತ್ತಾರೆ; ಮಾತಿಗೆಳೆದರೆ ಕಾಯಲಿನ ಉಪ್ಪು ಈ ವರುಷ ಎಷ್ಟು ತಡವಾಗಿ ಮರಳಿತು ಎಂಬುದರಿಂದ ಶುರುಮಾಡುತ್ತಾರೆ.