ಗ್ವಾಡಿಯ ಮೂಗು ಮುಚ್ಚಿದ ಕಥೆ

ಬಹಳ ದಿನದಿಂದ ಇಲ್ಲಿ ಏನೂ ಬರೆದಿರಲಿಲ್ಲ. ಊರಿಗೆ ಹೋದಾಗಲೆಲ್ಲ ಕಣ್ಣಿಗೆ ಬೀಳುವ ನನ್ನದೇ ಒಂದು ತಪ್ಪಿನ ಬಗ್ಗೆ ಇವತ್ತು ಬರೆದೇ ಬಿಡೋಣ ಅನ್ನಿಸ್ತು.

ನಮ್ಮೂರು ಶಿರಗುಪ್ಪಿ. ಹುಬ್ಬಳ್ಳಿಯಿಂದ ಗದಗಿನ ಕಡೆ ಹೋಗೋ ರಸ್ತೆಯಲ್ಲಿ ಸಿಗುತ್ತೆ. ಸುತ್ತಲೂ ಎರೆಭೂಮಿ. ಹಿತ್ತಲಲ್ಲಿ ಅಜ್ಜ ಕಟ್ಟಿಸಿದ ಹೊಟ್ಟಿನ ಕೋಣೆ ಇದೆ. ಎರಡಡಿ ದಪ್ಪದ ಮಣ್ಣಿನ ಗೋಡೆ, ಮೇಲೆ ತಗಡು. ಎತ್ತು ಮಾರಿದ ಮೇಲೆ ಹೊಟ್ಟಿನ ಜಾಗಕ್ಕೆ ಅಪ್ಪನ ಬಿತ್ತನೆ ಕಡ್ಲೆಯ ಚೀಲಗಳು ಬಂದವು.

2019ರ ಆಗಸ್ಟಿನ ಮಳೆ ನೆನಪಿರಬೇಕಲ್ಲ? ನಮ್ಮ ಜಿಲ್ಲೆಯಲ್ಲಿ ಎಷ್ಟೋ ಮಣ್ಣಿನ ಮನೆ ಕುಸಿದವು. ನಮ್ಮ ಕೋಣೆ ಬೀಳಲಿಲ್ಲ, ಆದರೆ ಗೋಡೆಯ ಬುಡ ಹಸಿಯಾಗೇ ಉಳೀತು. 2021ರಲ್ಲಿ, ಕೆಲಸ ಸಿಕ್ಕ ಹೊಸತು, ಬೆಂಗಳೂರಿಂದ ಫೋನಿನಲ್ಲೇ ತೀರ್ಪು ಕೊಟ್ಟೆ: "ಒಳಗ ಹೊರಗ ಸಿಮೆಂಟ್ ಗಿಲಾವ್ ಮಾಡ್ಸಿಬಿಡು ಅಪ್ಪಾ, ರೊಕ್ಕ ನಾ ಕಳಸ್ತೀನಿ." ಇಂಜಿನಿಯರ್ ಮಗ ಹೇಳಿದ ಮೇಲೆ ಮುಗೀತು. ಓದಿದ್ದು ಕಂಪ್ಯೂಟರ್ ಸೈನ್ಸ್ ಅನ್ನೋದು ಬೇರೆ ಮಾತು :-)

ಮೊದಲ ವರ್ಷ ಚೆಂದ ಕಾಣಿಸ್ತು. ಆಮೇಲೆ ಮೊಣಕಾಲೆತ್ತರ ಇದ್ದ ಹಸಿ ಎದೆಯೆತ್ತರಕ್ಕೆ ಏರಿತು. 2024ರ ಅಕ್ಟೋಬರಿನಲ್ಲಿ ಬಿತ್ತೋ ಮುಂಚೆ ಅಪ್ಪ 20 ಕಡ್ಲೆಕಾಳು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ನೋಡಿದರೆ ಮೊಳಕೆ ಬಂದಿದ್ದು ಏಳಕ್ಕೆ! ಸುಮ್ಮನೆ ಬೇರೆ ಬೀಜ ಕೊಂಡು ತಂದರು. ನನಗೆ ಹೇಳಿದ್ದು ಅವ್ವ.

ಗೋಡೆಗೆ ತೂತು ಕೊರೆದು ರಾಸಾಯನಿಕ ತುಂಬ್ತೀವಿ ಅಂತ ಒಬ್ಬರು 45,000 ಹೇಳಿದರು. ಅಷ್ಟು ಕೊಡೋ ಮುಂಚೆ ಊರಿನ ಹಿರಿಯ ಗೌಂಡಿ ಕಾಕಾನನ್ನು ಕರೆದು ತೋರಿಸಿದೆ. ಅವರು ಸಿಮೆಂಟಿಗೆ ಕೈಯಿಂದ ಬಡಿದರು. ಟೊಳ್ಳು ಸದ್ದು. "ಗ್ವಾಡಿ ಉಸುರಾಡಬೇಕ್ ತಮ್ಮಾ. ನೀ ಅದರ ಮೂಗ್ ಮುಚ್ಚೀದಿ."

ಆಮೇಲೆ ಓದಿದಾಗ ಅರ್ಥ ಆಯ್ತು. ದೀಪದ ಬತ್ತಿ ಎಣ್ಣೆ ಹೀರೋ ಹಾಗೆ ಮಣ್ಣಿನ ಗೋಡೆ ನೆಲದ ನೀರು ಹೀರುತ್ತೆ. ಈಗಿನ ಮನೆಗಳಿಗೆ ಪಾಯದ ಮೇಲೆ ನೀರು ತಡೆಯೋ ಪದರ ಹಾಕ್ತಾರೆ, ಹಳೇ ಗೋಡೆಗೆ ಅದಿಲ್ಲ. ಹೀರಿದ ನೀರು ಮಣ್ಣಿನ ಗಿಲಾವಿನ ಮೂಲಕ ಆರಿ ಹೋಗ್ತಿತ್ತು. ಸಿಮೆಂಟು ಆ ದಾರಿ ಮುಚ್ಚಿತು, ನೀರು ಮೇಲಕ್ಕೆ ದಾರಿ ಹುಡುಕಿತು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ನಾನು ಬಗ್ ಸರಿಮಾಡಿರಲಿಲ್ಲ, ಎರರ್ ಮೆಸೇಜ್ ಅಡಗಿಸಿದ್ದೆ ಅಷ್ಟೆ.

2025ರ ಬೇಸಿಗೆಯಲ್ಲಿ ಒಂದು ವಾರ ರಜೆ ಹಾಕಿ ಹೋದೆ. ಸಿಮೆಂಟೆಲ್ಲ ಕೆತ್ತಿ ತೆಗೆದು ಗೋಡೆ ಆರಲು ಬಿಟ್ಟೆವು. ವರ್ಷಾನುಗಟ್ಟಲೆ ಗೋಡೆಗೆ ಒತ್ತಿ ಏರಿದ್ದ ಮಣ್ಣು ತೆಗೆದು, ನೀರು ದೂರ ಹರಿಯೋ ಹಾಗೆ ಇಳಿಜಾರು ಮಾಡಿದೆವು. ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ, ಹಾಗಾಗಿ ಈ ಇಳಿಜಾರೇ ಮುಖ್ಯ. ತಗಡಿನ ಅಂಚಿಗೆ ದೋಣಿ ಕಟ್ಟಿ ಮಳೆನೀರನ್ನು ಹೊರಗೆ ಬಿಟ್ಟೆವು. ಕೊನೆಗೆ ಹಳೇ ಗೋಡೆಯ ಮಣ್ಣಿಗೆ ಹೊಟ್ಟು, ಸೆಗಣಿ ಸೇರಿಸಿ, ನೆನೆಹಾಕಿ, ತುಳಿದು ಗಿಲಾವು. ಮೇಲೆ ಸುಣ್ಣ. ತುಳಿದಿದ್ದು ನಾನೇ, ಎರಡು ದಿನ ಕಾಲು ಎತ್ತಲಾಗಲಿಲ್ಲ! ಒಟ್ಟು ಖರ್ಚು 11,000ದೊಳಗೆ.

ಕೆಸರು ತುಳಿಯುವಾಗ ಅಪ್ಪನನ್ನು ಕೇಳಿದೆ, "ಸಿಮೆಂಟ್ ಬ್ಯಾಡಂತ ನಿಂಗ ಗೊತ್ತಿತ್ತಲ್ಲ, ಯಾಕ ಹೇಳಲಿಲ್ಲ?"

"ಪಗಾರ ಬಂದ ಮ್ಯಾಲೆ ನೀ ಮನಿಗೆ ಮಾಡಿದ ಮೊದಲನೇ ಕೆಲಸ ಅದು. ಹೆಂಗ ಬ್ಯಾಡನ್ನಲಿ?"

ನಾನು ತಲೆ ಬಗ್ಗಿಸಿ ತುಳಿದೆ.

ಒಂದು ಮಳೆಗಾಲ ದಾಟಿದೆ. ಹಸಿ ಒಂದು ಗೇಣಿಗೆ ಇಳಿದಿದೆ, ಪೂರ್ತಿ ಹೋಗಿಲ್ಲ. ಚೀಲಗಳನ್ನು ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ಬಿಟ್ಟು ಇಡಬೇಕು ಅಂತ ಅಪ್ಪನಿಗೆ ಹೇಳಿ ಬಂದಿದ್ದೆ. ಮೊನ್ನೆ ಹೋದಾಗ ನೋಡಿದೆ, ಹಾಗೇ ಇಟ್ಟಿದ್ದಾರೆ. ಆದರೆ ಒಂದೇ ಚೀಲ. ಇನ್ನೊಂದು ಇನ್ನೂ ಪಡಸಾಲೆಯಲ್ಲೇ ಇದೆ.

ನಿಮ್ಮೂರ ಕಡೆ ಮಣ್ಣಿನ ಗೋಡೆಗೆ ಏನು ಮಾಡ್ತಾರೆ? ಗೊತ್ತಿದ್ದವರು ತಿಳಿಸಿ.